ಮೆತ್ತಗೆ ತುಳಿದು ಹಿಡಿದರೆ ಬ್ರೇಕ್ ಪೆಡಲ್ ಇಳಿಯುತ್ತದೆ, ಫಕ್ಕನೆ ತುಳಿದರೆ ಗಟ್ಟಿ. ಎಲ್ಲಿ ಹುಡುಕಬೇಕು?

ಪೆರ್ಲದ ಪಿಕಪ್:

ಎಲ್ಲರಿಗೂ ನಮಸ್ಕಾರ. ಅಡಿಕೆ, ಗೊಬ್ಬರ, ಮಳೆ ಬಿಟ್ಟ ಮೇಲೆ ಮುರಕಲ್ಲು, ಹೀಗೆ ಸಿಕ್ಕಿದ ಬಾಡಿಗೆಗೆ ಓಡುವ ಸಣ್ಣ ಟ್ರಕ್ ನನ್ನದು. ಡೀಸೆಲ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ವ್ಯಾಕ್ಯೂಮ್ ಬೂಸ್ಟರ್. ಎಬಿಎಸ್ ಇಲ್ಲ. ಕಂಪನಿ ಹೆಸರು ಬೇಕೆಂದೇ ಬರೆದಿಲ್ಲ. ಬರೆದರೆ ಬರುವ ಉತ್ತರವೆಲ್ಲ "ಆ ಗಾಡಿ ಯಾಕೆ ತಗೊಂಡ್ರಿ" ಅಂತಲೇ ಇರುತ್ತದೆ.

ಹಿಂದಿನ ಚಕ್ರದ ಬ್ರೇಕ್ ಲೈನರ್ ಸವೆದಿತ್ತು. ಒಂದು ವರ್ಕ್‌ಶಾಪಿನಲ್ಲಿ ಹೊಸದು ಹಾಕಿಸಿದೆ. ಬ್ರೇಕ್ ಆಯಿಲ್ ಕಪ್ಪಾಗಿದೆ ಎಂದರು, ಅದನ್ನೂ ಪೂರ್ತಿ ಬದಲಿಸಿ ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗೆ ಸಿಕ್ಕಿಕೊಂಡ ಏರ್ ತೆಗೆದರು. ತಂದ ದಿನ ಚೆನ್ನಾಗಿಯೇ ಇತ್ತು. ಸ್ವಲ್ಪ ದಿನದಲ್ಲಿ ಪೆಡಲಿನ ಗುಣ ಬೇರೆಯಾಯಿತು. ಕುಂಬಳೆ ಹತ್ತಿರ ಹೈವೇಯಲ್ಲಿ ಬ್ಲಾಕ್ ಆದಾಗ ಪೆಡಲ್ ಮೇಲೆ ಕಾಲು ಮೆತ್ತಗೆ ಇಟ್ಟು ನಿಂತರೆ ಅದು ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ, ಗಾಡಿ ಮುಂದಕ್ಕೆ ಜಾರುತ್ತದೆ. ಕಾಲು ಬಿಟ್ಟು ಮತ್ತೆ ತುಳಿದರೆ ಪೆಡಲ್ ಮೇಲೆಯೇ ಸಿಗುತ್ತದೆ. ಓಡುವಾಗ ಫಕ್ಕನೆ ತುಳಿದರೆ ಬ್ರೇಕ್ ಒಳ್ಳೆ ಗಟ್ಟಿ, ಏನೂ ದೂರಿಲ್ಲ. ಹಾಗಾಗಿ ವರ್ಕ್‌ಶಾಪಿನವರು ಒಂದು ಸುತ್ತು ಓಡಿಸಿ ನೋಡಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.

ಆಯಿಲ್ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕಿಟ್ಟಿದ್ದೇನೆ, ಲೆವೆಲ್ ಕಡಿಮೆಯಾಗಿಲ್ಲ. ಚಕ್ರಗಳ ಒಳಬದಿ ಒದ್ದೆ ಇಲ್ಲ. "ಏರ್ ಉಳಿದಿರಬೇಕು" ಎಂದು ಮತ್ತೊಮ್ಮೆ ಏರ್ ತೆಗೆದರು, ವ್ಯತ್ಯಾಸ ಇಲ್ಲ. ಈಗ "ಬೂಸ್ಟರ್ ಹೋಗಿದೆ" ಎನ್ನುತ್ತಿದ್ದಾರೆ. ಬೂಸ್ಟರಿನ ರೇಟ್ ಕೇಳಿ ಸುಮ್ನೆ ಮನೆಗೆ ಬಂದೆ. ದುಡ್ಡು ಹಾಕುವ ಮೊದಲು ತಿಳಿದವರು ಒಂದು ಮಾತು ಹೇಳಿ.


ಸೀತಾಂಗೋಳಿ ಹುಡುಗ:

ಏರ್ ಅಣ್ಣ, ಗ್ಯಾರಂಟಿ ಏರ್. ನನ್ನ ಗಾಡಿಗೂ ಹೀಗೇ ಆಗಿತ್ತು. ಬಲಬದಿಯ ಹಿಂದಿನ ಚಕ್ರದಿಂದ ಶುರು ಮಾಡಿ ಸರಿಯಾಗಿ ತೆಗೆಸಿ. ಪೆಡಲ್ ಪೂರ್ತಿ ನೆಲ ಮುಟ್ಟುವ ಹಾಗೆ ಪಂಪ್ ಮಾಡಿಸಿ, ಆಗ ಎಲ್ಲ ಹೊರಗೆ ಬರುತ್ತದೆ.


ಉಪ್ಪಳ ಮೆಕ್ಯಾನಿಕ್:

ಹುಡುಗ ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಅವನ ಮೇಲೆ ಸಿಟ್ಟಿಲ್ಲ, ಅರ್ಧ ಕಾಸರಗೋಡು ಏರ್ ತೆಗೆಯುವುದೇ ಹೀಗೆ.

ಪೆರ್ಲದವರೇ, ನಿಮ್ಮ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಉಂಟು. ಏರ್ ಇದ್ದರೆ ಪೆಡಲ್ ಸ್ಪಂಜಿನ ಹಾಗೆ ಆಗುತ್ತದೆ, ನಿಜ. ಆದರೆ ಹಿಡಿದ ಕಾಲಿನ ಕೆಳಗೆ ಇಳಿಯುತ್ತಾ ಹೋಗುವುದಿಲ್ಲ. ಗಾಳಿ ಒಂದು ಮಟ್ಟಕ್ಕೆ ಕುಗ್ಗುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ಅಲ್ಲಿಂದಲೂ ಕೆಳಗೆ ಪೆಡಲ್ ಹೋಗುತ್ತಿದೆ ಅಂದರೆ ಒತ್ತಡದಲ್ಲಿರುವ ಆಯಿಲ್ ಎಲ್ಲಿಗೋ ಹೋಗುತ್ತಿದೆ. ಎಲ್ಲಿಗೆ? ನೀವು ಕೇಳಬೇಕಾದ ಪ್ರಶ್ನೆ ಅದೊಂದೇ. ಹೊರಗೆ ಹೋಗಬಹುದು: ಪೈಪು, ಹೋಸ್, ಕ್ಯಾಲಿಪರ್, ವೀಲ್ ಸಿಲಿಂಡರ್. ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಪಿಸ್ಟನಿನಿಂದ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹಿಂದಿನ ಸೀಲು ಹೋಗಿದ್ದರೆ ಬೂಸ್ಟರ್ ಒಳಗೆ ಹೋಗಬಹುದು, ಆಗ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಈ ಎರಡರಲ್ಲೂ ಡಬ್ಬಿಯ ಲೆವೆಲ್ ಇಳಿಯಲೇಬೇಕು. ನಿಮ್ಮ ಗೆರೆ ಹಾಗೆಯೇ ಉಂಟು. ಉಳಿದದ್ದು ಒಂದೇ ದಾರಿ. ಆಯಿಲ್ ಮಾಸ್ಟರ್ ಒಳಗೇ, ಪಿಸ್ಟನಿಗೆ ಸೀಲಾಗಿ ಹಾಕಿದ ರಬ್ಬರ್ ಕಪ್‌ನ ಸಂದಿಯಿಂದ ನುಸುಳಿ ವಾಪಸ್ ತನ್ನ ಡಬ್ಬಿಗೇ ಹೋಗುತ್ತಿದೆ.

ಫಕ್ಕನೆ ತುಳಿದರೆ ಯಾಕೆ ಗಟ್ಟಿ? ರಬ್ಬರ್ ಕಪ್ಪಿಗೆ ತೆಳ್ಳಗಿನ ತುಟಿ ಇರುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಅದು ಬೋರಿನ (ಪಿಸ್ಟನ್ ಓಡುವ ಕೊಳವೆಯ) ಗೋಡೆಗೆ ಅಂಟಿಕೊಳ್ಳುತ್ತದೆ. ಜೋರಾಗಿ ತುಳಿದರೆ ಸಣ್ಣ ಗೀರು ಇದ್ದರೂ ಮುಚ್ಚಿಹೋಗುತ್ತದೆ. ಬ್ಲಾಕಿನಲ್ಲಿ ಮೆತ್ತಗೆ ಹಿಡಿದಾಗ ಅಷ್ಟು ಒತ್ತಡ ಇರುವುದಿಲ್ಲ, ತುಟಿ ಅಂಟುವುದಿಲ್ಲ, ಆಯಿಲ್ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ಓಡಿಸಿ ನೋಡುವ ಮೆಕ್ಯಾನಿಕ್‌ಗಳಿಗೆ ಇದು ಸಿಗುವುದಿಲ್ಲ. ಇದನ್ನು ಕೂತು, ಕಾಲು ಹಗುರ ಇಟ್ಟು ನೋಡಬೇಕು. ನಮ್ಮಲ್ಲಿ ಕೂತು ನೋಡುವ ಪುರುಸೊತ್ತು ಯಾರಿಗುಂಟು ಮಾರಾಯ್ರೇ.

ಈಗ ಹುಡುಗನ ಸಲಹೆಗೆ ಬರುತ್ತೇನೆ. ದಿನಾ ಓಡಿಸುವಾಗ ಮಾಸ್ಟರಿನ ಪಿಸ್ಟನ್ ಬೋರಿನಲ್ಲಿ ಸ್ವಲ್ಪ ದೂರ ಮಾತ್ರ ಓಡುತ್ತದೆ. ಆಚೆ ಉಳಿದ ಭಾಗವನ್ನು ಕಪ್ಪು ಮುಟ್ಟುವುದೇ ಇಲ್ಲ. ಹಳೇ ಆಯಿಲ್ ನೀರು ಕುಡಿದಿರುತ್ತದೆ, ನಮ್ಮ ಕರಾವಳಿ ಹವೆಯಲ್ಲಿ ಕೇಳಬೇಕಾ. ಆ ಮುಟ್ಟದ ಭಾಗದಲ್ಲಿ ತುಕ್ಕು, ಕೆಸರು ಕೂತಿರುತ್ತದೆ. ಏರ್ ತೆಗೆಯುವಾಗ ಹೆಲ್ಪರ್ ಹುಡುಗ ಪೆಡಲನ್ನು ನೆಲಕ್ಕೆ ಒತ್ತಿ ಒತ್ತಿ ಪಂಪ್ ಮಾಡಿದರೆ ಕಪ್ಪು ಆ ಒರಟು ಜಾಗದ ಮೇಲೆ ಹೋಗಿ ತುಟಿ ಹರಿಯುತ್ತದೆ. ಲೈನರ್ ಕೆಲಸ ಆದ ಸ್ವಲ್ಪ ದಿನಕ್ಕೇ ಮಾಸ್ಟರ್ ಕೈಕೊಡುವುದು ಇದರಿಂದಲೇ ಜಾಸ್ತಿ. ಹಳೇ ಗಾಡಿಗೆ ಏರ್ ತೆಗೆಯುವಾಗ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ, ಅಷ್ಟೇ ಉಪಾಯ.

ಬೂಸ್ಟರ್ ವಿಷಯ. ಬೂಸ್ಟರ್ ಒಳಗೆ ಬ್ರೇಕ್ ಆಯಿಲೇ ಇಲ್ಲ, ಅದು ನಿಮ್ಮ ಕಾಲಿಗೆ ಬಲ ಸೇರಿಸುವ ಡಬ್ಬಿ. ಅದು ಹೋದರೆ ಪೆಡಲ್ ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಇಳಿಯುವುದಿಲ್ಲ. ನೀವೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಆಫ್ ಮಾಡಿ ಪೆಡಲ್ ಪೂರ್ತಿ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿಯಿರಿ, ಒಳಗಿನ ವ್ಯಾಕ್ಯೂಮ್ ಖಾಲಿಯಾಗುತ್ತದೆ. ಈಗ ಕಾಲನ್ನು ಮೆತ್ತಗೆ ಇಟ್ಟು ಹಿಡಿಯಿರಿ. ಹಾಗೆಯೇ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಒಂದಿಷ್ಟು ತಗ್ಗಿ ನಿಂತರೆ ಬೂಸ್ಟರ್ ಸರಿ ಉಂಟು, ತಗ್ಗುವುದೇ ಅದರ ಕೆಲಸ. ಇಂಜಿನ್ ಆಫ್ ಇದ್ದಾಗಲೇ ಇಳಿಯುತ್ತಾ ಹೋದರೆ ಬೂಸ್ಟರಿನ ಮೇಲೆ ತಪ್ಪು ಹೊರಿಸಲು ದಾರಿಯೇ ಇಲ್ಲ.

ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೋಡಿ, ಇನ್ನೊಬ್ಬರು ನಿಧಾನಕ್ಕೆ ತುಳಿಯಲಿ. ಶುರುವಿಗೆ ಆಯಿಲ್ ಸ್ವಲ್ಪ ಚಿಮ್ಮುತ್ತದೆ, ಅದು ಸಹಜ. ಪಿಸ್ಟನ್ ಸಣ್ಣ ತೂತನ್ನು ದಾಟುವವರೆಗೆ ಹಾಗೆಯೇ. ಅದು ನಿಂತ ಮೇಲೂ, ಪೆಡಲ್ ಇಳಿಯುತ್ತಿರುವಷ್ಟು ಹೊತ್ತೂ ತಳದಿಂದ ಆಯಿಲ್ ಏಳುತ್ತಾ ಇದ್ದರೆ ಕಳ್ಳ ಸಿಕ್ಕಿದ. ಮುಖ ಹತ್ತಿರ ಇಡಬೇಡಿ, ಕನ್ನಡಕ ಇದ್ದರೆ ಹಾಕಿ. ಬಾಡಿ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಪೇಂಟ್ ಕಿತ್ತು ಬರುತ್ತದೆ.

ಪೂರ್ತಿ ಖಾತ್ರಿ ಬೇಕಾದರೆ ಮಾಸ್ಟರಿನಿಂದ ಹೊರಡುವ ಪೈಪುಗಳನ್ನು ಬಿಚ್ಚಿ ಆ ಬಾಯಿಗಳಿಗೆ ಡಮ್ಮಿ ನಟ್ ಹಾಕಿ ಮುಚ್ಚಿ. ಹಳೇ ಬ್ರೇಕ್ ಪೈಪಿನ ತುದಿಯನ್ನು ನಟ್ ಸಮೇತ ಕತ್ತರಿಸಿ, ಕೊನೆಯನ್ನು ಬ್ರೇಜ್ ಮಾಡಿದರೆ ಡಮ್ಮಿ ರೆಡಿ. ಸಿಕ್ಕಿದ ಬೋಲ್ಟ್ ತಿರುಗಿಸಬೇಡಿ, ಒಳಗಿನ ಸೀಟು ಹಾಳಾಗುತ್ತದೆ. ಬಾಯಿ ಮುಚ್ಚಿದ ಮೇಲೆ ಪೆಡಲ್ ಮೇಲೆಯೇ ಕಲ್ಲಿನ ಹಾಗೆ ನಿಲ್ಲಬೇಕು. ನಿಂತರೆ ಮಾಸ್ಟರ್ ಒಳ್ಳೆಯದು, ತೊಂದರೆ ಚಕ್ರದ ಕಡೆ ಉಂಟು. ಆಗಲೂ ಇಳಿದರೆ ಮತ್ತೆ ಯಾವ ಚಕ್ರವನ್ನೂ ಬಿಚ್ಚಬೇಡಿ. ಕೆಲವರು ಇಕ್ಕಳದಲ್ಲಿ ಹೋಸ್ ಅದುಮಿ ಒಂದೊಂದೇ ಚಕ್ರ ನೋಡುತ್ತಾರೆ. ನನಗೆ ಅದು ಸರಿ ಬರುವುದಿಲ್ಲ, ಹೋಸಿನ ಒಳಪದರ ಸೀಳಿದರೆ ಆರು ತಿಂಗಳು ಕಳೆದು ಇನ್ನೊಂದು ತಲೆನೋವು.

ಇದು ಸರಿಯಾಗುವವರೆಗೆ ಲೋಡ್ ಹಾಕಬೇಡಿ. ಮಾಸ್ಟರ್ ಒಳಗೆ ಎರಡು ಸರ್ಕ್ಯೂಟ್ ಉಂಟು, ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ, ನಿಜ. ಆದರೆ ಆಗ ಪೆಡಲ್ ತುಂಬಾ ಕೆಳಗೆ ಹೋಗಿ ಹಿಡಿಯುತ್ತದೆ, ಅದೂ ಅರ್ಧ ಬಲದಲ್ಲಿ. ಪೆರ್ಲದಿಂದ ಸ್ವರ್ಗ ಅನ್ನುವ ಊರಿಗೆ ಹೋಗಲು ಬಸ್ಸು ಉಂಟಲ್ಲ, ಈ ಪೆಡಲ್ ನಂಬಿ ಹೋಗುವುದು ಬೇಡ.


ತಾಳವಾಡಿ ಲೋಡ್:

ಉಪ್ಪಳದವರು ಹೇಳಿದ್ದು ಸರಿಯಾಗಿದೆ. ಒಂದು ಮಾತು ಸೇರಿಸುತ್ತೇನೆ, ಇನ್ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನಮ್ಮ ಕಡೆ ಪೆಡಲ್ ಇಳಿಯುವ ರೀತಿಯೇ ಬೇರೆ. ತಾಳವಾಡಿಯಿಂದ ಕೋಸು ತುಂಬಿಕೊಂಡು ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿ ಇಳಿಯಬೇಕು, 27 ತಿರುವು. ಹೊಸ ಡ್ರೈವರ್‌ಗಳು ಥರ್ಡ್ ಗೇರಿನಲ್ಲಿ ಬಿಟ್ಟುಕೊಂಡು ಬ್ರೇಕ್ ಮೇಲೆಯೇ ಇಳಿಯುತ್ತಾರೆ. ಬಣ್ಣಾರಿ ಹತ್ತಿರ ಬರುವಾಗ ಪೆಡಲ್ ಒಂದೇ ಸಲಕ್ಕೆ ನೆಲ ಮುಟ್ಟುತ್ತದೆ. ನಿಲ್ಲಿಸಿ ಒಂದು ಟೀ ಕುಡಿಯುವಷ್ಟರಲ್ಲಿ ಏನೂ ಆಗೇ ಇಲ್ಲ ಅನ್ನೋ ಹಾಗೆ ಪೆಡಲ್ ವಾಪಸ್ ಬಂದಿರುತ್ತದೆ. ಇದು ಆಯಿಲ್ ಕುದಿದದ್ದು. ಕುದಿದರೆ ಆವಿ ಗುಳ್ಳೆ ಆಗುತ್ತದೆ, ಪೆಡಲ್ ಆ ಗುಳ್ಳೆಯನ್ನು ಒತ್ತುತ್ತದೆ ಅಷ್ಟೇ, ಶೂ ಒತ್ತುವುದಿಲ್ಲ. ಲೈನರ್ ಕಾದು ಜಾರುವುದು ಇನ್ನೊಂದು. ಅದರಲ್ಲಿ ಪೆಡಲ್ ಗಟ್ಟಿಯಾಗೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ.

ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ನೀರು ಕುಡಿದ ಮೇಲೆ 155. ಹಾಗಾಗಿ ಘಾಟಿ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಖರ್ಚು ಅಂತ ನನಗೆ ಅನಿಸುವುದೇ ಇಲ್ಲ.

ಪೆರ್ಲದವರೇ, ಬೆಳಿಗ್ಗೆ ಗಾಡಿ ತಣ್ಣಗಿದ್ದಾಗಲೂ ನಿಮ್ಮ ಪೆಡಲ್ ಇಳಿಯುತ್ತಾ? ಇಳಿಯುತ್ತದೆ ಅಂದರೆ ಕುದಿಯುವ ಮಾತು ಬಿಟ್ಟುಬಿಡಿ. ಮಾಸ್ಟರೇ.


ಅಕ್ಕಲಕೋಟ ಹತ್ತು ಚಕ್ರ:

ದೊಡ್ಡ ಗಾಡಿಯವರು ಇದನ್ನೆಲ್ಲ ಓದಿ ಮಾಸ್ಟರ್ ಹುಡುಕಬೇಡ್ರಿ. ಫುಲ್ ಏರ್ ಬ್ರೇಕ್ ಗಾಡಿಯೊಳಗೆ ಬ್ರೇಕಿಗೆ ಆಯಿಲೇ ಇಲ್ಲ, ಪೆಡಲ್ ಬರೇ ವಾಲ್ವ್ ತೆಗೆಯುತ್ತದೆ. ಅಲ್ಲಿ ಕಾಲಿಗೆ ಏನೂ ತಿಳಿಯೋದಿಲ್ಲ, ಮೀಟರ್ ನೋಡ್ರಿ. ಟ್ಯಾಂಕ್ ತುಂಬಿಸಿ, ಇಂಜಿನ್ ಬಂದ್ ಮಾಡಿ ಪೆಡಲ್ ಒತ್ತಿ ಹಿಡೀರಿ. ಮುಳ್ಳು ಒಂದು ಸಲ ಇಳಿದು ನಿಂತರೆ ಸರಿ. ಇಳೀತಾನೇ ಇದ್ದರೆ ಎಲ್ಲೋ ಲೀಕ್, ಒಬ್ಬರು ಕೆಳಗೆ ಹೊಕ್ಕು ಸುಂಯ್ ಅನ್ನೋ ಸದ್ದು ಕೇಳ್ರಿ. ಲೀಕ್ ಇಲ್ಲದೆ ಬ್ರೇಕ್ ಕಮ್ಮಿ ಅನಿಸಿದರೆ ಶೂ-ಡ್ರಮ್ ಸಂದಿ ಹೊಂದಿಸೋ ಸ್ಲ್ಯಾಕ್ ಅಡ್ಜಸ್ಟರ್ ನೋಡ್ರಿ.


ಪೆರ್ಲದ ಪಿಕಪ್:

ಎಲ್ಲರಿಗೂ ಥ್ಯಾಂಕ್ಸ್. ತಾಳವಾಡಿ ಅಣ್ಣ, ಬೆಳಿಗ್ಗೆ ಶೆಡ್ಡಿನಿಂದ ತೆಗೆಯುವಾಗಲೂ ಇಳಿಯುತ್ತದೆ, ಬಿಸಿಗೂ ಇದಕ್ಕೂ ಸಂಬಂಧ ಇಲ್ಲ.

ಭಾನುವಾರ ಭಾವ ಬಂದಿದ್ದರು. ಅವರನ್ನು ಸೀಟಿನಲ್ಲಿ ಕೂರಿಸಿ ಉಪ್ಪಳದವರು ಹೇಳಿದ ಹಾಗೆ ನೋಡಿದೆವು. ಇಂಜಿನ್ ಆಫ್, ಪಂಪ್ ಮಾಡಿ ಗಟ್ಟಿ ಮಾಡಿದ ಮೇಲೂ ಮೆತ್ತಗೆ ಹಿಡಿದರೆ ಪೆಡಲ್ ನಿಧಾನ ಇಳಿಯಿತು. ಸ್ಟಾರ್ಟ್ ಮಾಡಿದಾಗ ಒಮ್ಮೆ ತಗ್ಗಿತು, ಆಮೇಲೆ ಇನ್ನೂ ಬೇಗ ಇಳಿಯಿತು.

ಡಬ್ಬಿಯ ಒಳಗೆ ನೋಡಿದ್ದು ಬರೆಯಲೇಬೇಕು. ನಮ್ಮದರಲ್ಲಿ ಒಳಗೆ ಒಂದು ಅಡ್ಡಗೋಡೆ ಇದೆ, ಎರಡು ಭಾಗ. ಭಾವ ತುಳಿದ ಕೂಡಲೇ ಎರಡೂ ಕಡೆ ಆಯಿಲ್ ಒಮ್ಮೆ ಎದ್ದು ಸುಮ್ಮನಾಯಿತು. ಮುಂದಿನ ಭಾಗ ಹಾಗೆಯೇ ಕನ್ನಡಿಯಂತೆ ನಿಂತಿತು. ಬೂಸ್ಟರ್ ಕಡೆಯ ಭಾಗದಲ್ಲಿ ಮಾತ್ರ ತಳದ ತೂತಿನಿಂದ ಆಯಿಲ್ ಸುರುಳಿ ಸುರುಳಿಯಾಗಿ ಏಳುತ್ತಲೇ ಇತ್ತು, ಅದರ ಜೊತೆ ಕಪ್ಪು ಪುಡಿಯೂ ಬರುತ್ತಿತ್ತು. ಹೊಸ ಆಯಿಲ್ ಆದ್ದರಿಂದ ಆ ಪುಡಿ ಚೆನ್ನಾಗಿ ಕಾಣಿಸಿತು. "ಜೋರಾಗಿ ಒತ್ತಿ" ಅಂದೆ. ಒತ್ತಿದ ಕೂಡಲೇ ನಿಂತಿತು. ಕಾಲು ಸಡಿಲ ಮಾಡಿ ಮೆತ್ತಗೆ ಹಿಡಿದಾಗ ಮತ್ತೆ ಶುರು. ಭಾವನಿಗೆ ನಂಬಿಕೆ ಬರಲಿಲ್ಲ, ಇಳಿದು ಬಂದು ನನ್ನನ್ನು ಸೀಟಿನಲ್ಲಿ ಕೂರಿಸಿ ತಾನೇ ನೋಡಿದರು.

ಬದಿಯಡ್ಕದ ಒಬ್ಬ ವೆಲ್ಡಿಂಗ್‌ನವರು ಡಮ್ಮಿ ನಟ್ ಮಾಡಿಕೊಟ್ಟರು. ಎರಡೂ ಬಾಯಿ ಮುಚ್ಚಿದ ಮೇಲೂ ಪೆಡಲ್ ಇಳಿಯಿತು. ವರ್ಕ್‌ಶಾಪಿಗೆ ಫೋನ್ ಮಾಡಿ ಹೇಳಿದೆ, "ಹಾಗಾದ್ರೆ ಮಾಸ್ಟರ್ ಇರಬಹುದು" ಅಂದರು.

ಈಗ ಪ್ರಶ್ನೆ: ಬರೇ ರಬ್ಬರ್ ಕಿಟ್ ಹಾಕಿದರೆ ಸಾಕಾ, ಅಥವಾ ಮಾಸ್ಟರ್ ಪೂರ್ತಿ ಹೊಸದು ಬೇಕಾ? ಕಿಟ್ ಆದರೆ ತುಂಬಾ ಕಡಿಮೆಗೆ ಆಗುತ್ತದೆ.


ಸೀತಾಂಗೋಳಿ ಹುಡುಗ:

ಏರ್ ಅಲ್ಲ ಅಂತಾಯಿತು 😀 ಮರದ ತುಂಡಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಆದರೆ ಬಲ ಹಿಂದಿನಿಂದ ಶುರು ಮಾಡುವುದು ಸರಿ ಅಲ್ವಾ ಅಣ್ಣ? ಯೂಟ್ಯೂಬಿನಲ್ಲಿ ಎಲ್ಲ ಹಾಗೆಯೇ ತೋರಿಸುತ್ತಾರೆ.


ಉಪ್ಪಳ ಮೆಕ್ಯಾನಿಕ್:

ಆ ವೀಡಿಯೋಗಳಲ್ಲಿ ಸ್ಟಿಯರಿಂಗ್ ಯಾವ ಬದಿಗೆ ಉಂಟು ನೋಡು ತಮ್ಮ. ಮಾಸ್ಟರಿನಿಂದ ದೂರದ ಚಕ್ರದಿಂದ ಶುರು ಮಾಡುವುದು ಲೆಕ್ಕ. ಅವರ ಮಾಸ್ಟರ್ ಎಡಕ್ಕೆ, ಅವರಿಗೆ ಬಲ ಹಿಂದಿನದು ದೂರ. ನಮ್ಮದು ಬಲಕ್ಕೆ, ನಮಗೆ ಎಡ ಹಿಂದಿನದು ದೂರ. ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಪುಸ್ತಕವೇ ಸರಿ.

ಪೆರ್ಲದವರೇ, ಅಷ್ಟು ಚೆನ್ನಾಗಿ ನೋಡಿದ್ದೀರಿ, ಸಂತೋಷ ಆಯಿತು. ಆ ಕಪ್ಪು ಪುಡಿ ರಬ್ಬರಿನದ್ದು. ಬೂಸ್ಟರ್ ಕಡೆಯ ಪಿಸ್ಟನಿನ ರಬ್ಬರ್ ಕಪ್ ಹಾಳಾಗಿದೆ.

ಕಿಟ್ಟೋ ಪೂರ್ತಿಯೋ ಅನ್ನುವುದನ್ನು ಬೋರ್ ಹೇಳುತ್ತದೆ. ಸರ್ಕ್ಲಿಪ್ ತೆಗೆದು ಪಿಸ್ಟನ್ ಹೊರಗೆ ಎಳೆದು, ಒಳಗೆ ಟಾರ್ಚ್ ಹಾಕಿ. ಕಿರುಬೆರಳು ಹೋಗುವಷ್ಟು ದೂರ ಉಗುರು ಆಡಿಸಿ. ಉಗುರಿಗೆ ತಗಲುವ ಗೀರು, ಗುಳಿ ಇದ್ದರೆ ಹೊಸ ಕಪ್ಪೂ ಕೆಲವೇ ದಿನ. ಹಳೇ ಬೀಡಿನ (ಎರಕದ ಕಬ್ಬಿಣದ) ಮಾಸ್ಟರ್ ಆದರೆ ಬೋರನ್ನು ಲೈಟಾಗಿ ಹೋನ್ ಮಾಡಿ, ಅಂದರೆ ಉಜ್ಜಿ ನಯ ಮಾಡಿ, ಕಿಟ್ ಹಾಕುತ್ತಿದ್ದೆವು. ಅಲ್ಯೂಮಿನಿಯಂ ಬೋರನ್ನು ಉಜ್ಜಬಾರದು, ಮೇಲಿನ ಗಟ್ಟಿ ಪದರ ಹೋದರೆ ಮತ್ತೆ ಏನು ಹಾಕಿದರೂ ನಿಲ್ಲುವುದಿಲ್ಲ. ನಿಮ್ಮದು ಅಲ್ಯೂಮಿನಿಯಂ ಆಗಿರುವ ಸಾಧ್ಯತೆಯೇ ಜಾಸ್ತಿ. ಮುರಕಲ್ಲು ಹೊರುವ ಗಾಡಿ. ನನ್ನ ಕೈಗೆ ಬಂದಿದ್ದರೆ ಬೋರ್ ನೋಡದೆಯೂ ಪೂರ್ತಿ ಹೊಸದೇ ಹಾಕುತ್ತಿದ್ದೆ. ಬೂಸ್ಟರಿಗೆ ಕೊಡಬೇಕಾಗಿದ್ದ ದುಡ್ಡು ಉಳಿಯಿತಲ್ಲ.

ಹಾಕುವವರಿಗೆ ಎರಡು ಮಾತು ಹೇಳಿಬಿಡಿ. ಹೊಸ ಮಾಸ್ಟರನ್ನು ಗಾಡಿಗೆ ಕೂರಿಸುವ ಮೊದಲು ವೈಸಿನಲ್ಲಿ ಹಿಡಿದು, ಬಾಯಿಗಳಿಂದ ಸಣ್ಣ ಟ್ಯೂಬ್ ಡಬ್ಬಿಗೇ ತಿರುಗಿಸಿ ಬಿಟ್ಟು, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ನಿಧಾನ ಒತ್ತಬೇಕು. ಇದನ್ನು ಬಿಟ್ಟರೆ ಮಾಸ್ಟರ್ ಒಳಗೆ ಉಳಿದ ಗಾಳಿಗೆ ನಾಲ್ಕು ಚಕ್ರದಲ್ಲಿ ಅರ್ಧ ದಿನ ಪಂಪ್ ಮಾಡಬೇಕಾಗುತ್ತದೆ. ಎರಡನೆಯದು ಬೂಸ್ಟರಿನ ಪುಶ್‌ರಾಡ್. ಅದಕ್ಕೂ ಪಿಸ್ಟನಿಗೂ ನಡುವೆ ಕೂದಲೆಳೆಯಷ್ಟು ಸಂದಿ ಬೇಕು. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಪಿಸ್ಟನ್ ಎಷ್ಟು ಒಳಗಿದೆ ಅಂತ ಅಳೆದು ನೋಡಲಿ. ರಾಡ್ ಸದಾ ಒತ್ತಿಕೊಂಡಿದ್ದರೆ ಆಯಿಲ್ ವಾಪಸ್ ಬರುವ ತೂತು ಮುಚ್ಚಿರುತ್ತದೆ, ಬ್ರೇಕ್ ತಾನಾಗಿಯೇ ಹಿಡಿದು ಚಕ್ರ ಕಾಯುತ್ತದೆ.

ಹಿಂದಿನ ಆಕ್ಸಲ್ ಹತ್ತಿರ ರಾಡ್ ಸಮೇತ ಲೋಡ್ ವಾಲ್ವ್ (ಲೋಡಿಗೆ ತಕ್ಕ ಹಾಗೆ ಹಿಂದಿನ ಬ್ರೇಕಿನ ಬಲ ಬದಲಿಸುವುದು) ಇದ್ದರೆ ಅದಕ್ಕೂ ಏರ್ ತೆಗೆಯುವ ನಿಪ್ಪಲ್ ಉಂಟಾ ನೋಡಿ, ಅಲ್ಲಿಯೂ ಏರ್ ಕೂರುತ್ತದೆ. ಮತ್ತೆ, ಕಲ್ಲಿನ ಲೋಡಿಗೆ ಹಿಂದೆ ಜಾಸ್ತಿ ಸ್ಪ್ರಿಂಗ್ ಪ್ಲೇಟ್ ಹಾಕಿದ ಗಾಡಿ ಆದರೆ ಬಾಡಿ ಎತ್ತರ ನಿಂತು ಆ ವಾಲ್ವಿಗೆ ಗಾಡಿ ಖಾಲಿ ಅಂತಲೇ ಅನಿಸುತ್ತದೆ. ಲೋಡ್ ಇದ್ದರೂ ಹಿಂದಿನ ಬ್ರೇಕಿಗೆ ಆಯಿಲ್ ಕಡಿಮೆ ಕಳಿಸುತ್ತದೆ. ಪೆಡಲ್ ಇಳಿಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೆ ಕೆಳಗೆ ಹೊಕ್ಕಾಗ ನೋಡಿಬಿಡಿ.

ತೊಳೆಯಲು ಪೆಟ್ರೋಲ್, ಡೀಸೆಲ್ ಮುಟ್ಟಿಸಬೇಡಿ, ರಬ್ಬರ್ ಉಬ್ಬುತ್ತದೆ. ಬ್ರೇಕ್ ಆಯಿಲಿನಲ್ಲೇ ತೊಳೆಯಿರಿ. ಆಯಿಲಿನ ಹೊಸ ಡಬ್ಬಿ ಒಡೆದು ಹಾಕಿ, ಅಂಗಡಿಯಲ್ಲಿ ಅರ್ಧ ಉಳಿದದ್ದು ಬೇಡ. ಎಲ್ಲ ಆದ ಮೇಲೆ ಭಾವನನ್ನೇ ಕೂರಿಸಿ ಅದೇ ಮೆತ್ತಗಿನ ಕಾಲಿನಲ್ಲಿ ಒಂದು ನಿಮಿಷ ಹಿಡಿಸಿ, ಮೊದಲು ಇಂಜಿನ್ ಆಫ್, ಆಮೇಲೆ ಆನ್.

ಹಳೇ ಮಾಸ್ಟರ್ ಅಲ್ಲೇ ಬಿಟ್ಟು ಬರಬೇಡಿ. ಬಿಚ್ಚಿ ಆ ಕಪ್ಪಿನ ಫೋಟೋ ಇಲ್ಲಿ ಹಾಕಿ, ತುಟಿ ಎಲ್ಲಿ ಹರಿದಿದೆ ಅಂತ ಹುಡುಗನೂ ನೋಡಲಿ.